ಮೈಮುರಿದು ದುಡಿಯುವವರಿಗೂ ಬೇಕು ನಡುವಿನ ಬಲ

"ಬೆಳಗ್ಗೆ ತೋಟಕ್ಕೆ ಹೋದರೆ ಸಂಜೆಯವರೆಗೆ ಮೈಮುರಿದು ದುಡಿಯುತ್ತೇವೆ. ಇನ್ನು ನಮಗೆ ಬೇರೆ ವ್ಯಾಯಾಮ ಯಾಕೆ?"

ಪಾಲಿಬೆಟ್ಟ, ಸಿದ್ದಾಪುರ, ಅಮ್ಮತ್ತಿ ಕಡೆ ವ್ಯಾಯಾಮದ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಇದೇ. ಕೇಳುವುದರಲ್ಲಿ ನ್ಯಾಯವೂ ಇದೆ. ವ್ಯಾಯಾಮ ಎಂದರೆ ಪೇಟೆಯಲ್ಲಿ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ವಿಷಯ ಎಂದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಹೀಗೆ ಕೇಳುವ ಮನೆಯ ಕಪಾಟನ್ನೇ ಒಮ್ಮೆ ತೆರೆದು ನೋಡಿ. ನೋವಿನ ಎಣ್ಣೆಯ ಬಾಟಲಿ, ಮುಲಾಮಿನ ಟ್ಯೂಬು, ಅರ್ಧ ಮುಗಿದ ಮಾತ್ರೆ ಚೀಟಿ, ಸೊಂಟಕ್ಕೆ ಕಟ್ಟುವ ಬೆಲ್ಟ್ ಇವುಗಳಲ್ಲಿ ಒಂದಾದರೂ ಸಿಗುತ್ತದೆ. ದುಡಿಮೆಯೇ ಸಾಕಾಗಿದ್ದರೆ ದುಡಿಯುವವರ ಮನೆಯಲ್ಲಿ ಇವೆಲ್ಲ ಯಾಕೆ ಇರಬೇಕಿತ್ತು?

ವಿಷಯ ಇಷ್ಟೇ: ದುಡಿಮೆ ಬೇರೆ, ವ್ಯಾಯಾಮ ಬೇರೆ. ದುಡಿಮೆ ದೇಹದಿಂದ ಕೆಲಸ ತೆಗೆಯುತ್ತದೆ, ವ್ಯಾಯಾಮ ದೇಹಕ್ಕೆ ಬಲ ಕೊಡುತ್ತದೆ. ದಿನವಿಡೀ ಒಂದೇ ರೀತಿಯಲ್ಲಿ ಬಾಗಿ, ಒಂದೇ ಕೈಯಿಂದ ಎಳೆದು, ಒಂದೇ ಹೆಗಲಲ್ಲಿ ಹೊತ್ತರೆ ಕೆಲವು ಸ್ನಾಯುಗಳು ಬಿಗಿಯಾಗುತ್ತವೆ, ಅವುಗಳ ಎದುರಿನವು ಸೊರಗುತ್ತವೆ. ಇದನ್ನೇ ಸ್ನಾಯುಗಳ ಅಸಮತೋಲನ ಎನ್ನುತ್ತಾರೆ. ಇದರ ಭಾರವೆಲ್ಲ ಕೊನೆಗೆ ಬೀಳುವುದು ನಡುವಿನ ಮೇಲೆ.

ತೋಟದ ಕೆಲಸದಲ್ಲಿ ಮೈಗೆ ಏನಾಗುತ್ತದೆ?

ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಪಾಲಿಬೆಟ್ಟದ ಸುತ್ತ ಕಣ್ಣು ಹಾಯಿಸಿದಷ್ಟೂ ತೋಟ, ಅದರಲ್ಲೂ ರೋಬಸ್ಟಾ ಹೆಚ್ಚು. ಕೊಯ್ಲಿನ ಕಾಲದಲ್ಲಿ ಒಬ್ಬ ಹೆಂಗಸಿನ ಕೆಲಸವನ್ನು ಗಮನಿಸಿ. ಎಡಗೈಯಲ್ಲಿ ಎತ್ತರದ ಕೊಂಬೆಯನ್ನು ಬಗ್ಗಿಸಿ ಹಿಡಿಯುತ್ತಾಳೆ, ಬಲಗೈಯಲ್ಲಿ ಹಣ್ಣು ಕೀಳುತ್ತಾಳೆ. ಕುತ್ತಿಗೆ ಮೇಲಕ್ಕೆ, ಸೊಂಟ ಒಂದು ಬದಿಗೆ. ಹಣ್ಣು ತುಂಬುತ್ತಾ ಹೋದಂತೆ ಸೊಂಟಕ್ಕೆ ಕಟ್ಟಿದ ಚೀಲ ಮುಂದಕ್ಕೆ ಜಗ್ಗುತ್ತದೆ. ಕೆಳಗೆ ಉದುರಿದ್ದನ್ನು ಆರಿಸಲು ಮತ್ತೆ ಬಗ್ಗಬೇಕು. ಕೆಜಿ ಲೆಕ್ಕದಲ್ಲಿ ಕೂಲಿ ಇದ್ದರಂತೂ ನಡುವೆ ಬೆನ್ನು ನೆಟ್ಟಗೆ ಮಾಡಿ ನಿಲ್ಲಲೂ ಪುರುಸೊತ್ತಿಲ್ಲ.

ಗಂಡಸರ ಕೆಲಸವೂ ಹೀಗೆಯೇ. ಕರಿಮೆಣಸು ಕೊಯ್ಯುವವರು ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಮರ ಹಿಡಿದು ಇನ್ನೊಂದು ಕೈ ಚಾಚುತ್ತಾರೆ. ಕಳೆ ಕೊಚ್ಚುವ ಯಂತ್ರ ಗಂಟೆಗಟ್ಟಲೆ ಒಂದೇ ಹೆಗಲಿನಲ್ಲಿ ತೂಗುತ್ತದೆ. ಮರಗಸಿ ಮಾಡುವಾಗ ಕತ್ತಿ ಬೀಸುವುದು ಒಂದೇ ಕೈ. ಸಂಜೆ ಚೀಲ ಹೊತ್ತು ಜೀಪಿಗೋ ಪಿಕಪ್‌ಗೋ ಹಾಕುವಾಗ ಸೊಂಟ ತಿರುಚುವುದು ಹೆಚ್ಚಾಗಿ ಒಂದೇ ಬದಿಗೆ.

ತೋಟಕ್ಕೆ ಹೋಗದವರಿಗೆ ಇದರಿಂದ ಬಿಡುಗಡೆ ಇದೆಯೆಂದಲ್ಲ. ಕೊಡಗಿನ ತಿರುವಿನ ರಸ್ತೆಯಲ್ಲಿ ಆಟೋ, ಜೀಪು ಓಡಿಸುವವರು ದಿನವಿಡೀ ಕೂತಿರುತ್ತಾರೆ, ಜೊತೆಗೆ ಕುಲುಕಾಟ ಬೇರೆ. ಹಿಂಬದಿಯ ಜೇಬಿನಲ್ಲಿ ದಪ್ಪ ಪರ್ಸು ಇಟ್ಟು ಕೂತರೆ ಸೊಂಟ ಒಂದು ಬದಿಗೆ ವಾಲಿಯೇ ಇರುತ್ತದೆ. ಅಂಗಡಿಯವರು ಗಲ್ಲಾದ ಮುಂದೆ ಬಾಗಿ ಕೂರುತ್ತಾರೆ. ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳ ಹೆಗಲು ಮುಂದಕ್ಕೆ ಬಂದಿರುತ್ತದೆ. ಮಗುವನ್ನು ಎತ್ತಿಕೊಳ್ಳುವ ತಾಯಿ ಸದಾ ಒಂದೇ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಾಳೆ, ಏಕೆಂದರೆ ಇನ್ನೊಂದು ಕೈ ಅಡುಗೆಗೆ ಬೇಕು. ನೀವು ಇವರಲ್ಲಿ ಯಾರು ಎಂದು ಒಮ್ಮೆ ನೋಡಿಕೊಳ್ಳಿ.

ಜೋಡೆತ್ತಿನ ಗಾಡಿ

ನಮ್ಮ ಸ್ನಾಯುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಮೊಣಕೈ ಮಡಚುವಾಗ ತೋಳಿನ ಮುಂಭಾಗದ ಸ್ನಾಯು ಬಿಗಿಯುತ್ತದೆ, ಹಿಂಭಾಗದ್ದು ಸಡಿಲ ಬಿಡುತ್ತದೆ. ಎದೆಗೆ ಬೆನ್ನು ಜೋಡಿ, ತೊಡೆಯ ಮುಂಭಾಗಕ್ಕೆ ಹಿಂಭಾಗ ಜೋಡಿ, ಹೊಟ್ಟೆಗೆ ಸೊಂಟದ ಹಿಂಬದಿ ಜೋಡಿ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಬಲವಾಗಿದ್ದು ಇನ್ನೊಂದು ಸೊರಗಿದ್ದರೆ ನೊಗ ಓರೆಯಾಗುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ. ಕೀಲುಗಳಿಗೂ ಆಗುವುದು ಅದೇ.

ಪ್ರಾಗ್ ನಗರದ ವೈದ್ಯ ವ್ಲಾದಿಮಿರ್ ಯಾಂಡಾ (1928–2002) ಇದನ್ನು ತಮ್ಮ ಇಡೀ ವೃತ್ತಿಜೀವನದಲ್ಲಿ ಅಭ್ಯಾಸ ಮಾಡಿದವರು. ಹದಿಹರೆಯದಲ್ಲಿ ಪೋಲಿಯೊಗೆ ತುತ್ತಾಗಿದ್ದ ಅವರಿಗೆ ಸ್ನಾಯು ಸೊರಗುವುದು ಎಂದರೇನೆಂದು ಅನುಭವದಿಂದಲೇ ಗೊತ್ತಿತ್ತು. ಸ್ನಾಯುಗಳು ಬಿಗಿಯಾಗುವುದಕ್ಕೂ ಸೊರಗುವುದಕ್ಕೂ ಒಂದು ಕ್ರಮವಿದೆ ಎಂದು ಅವರು ಕಂಡರು. ಕುತ್ತಿಗೆಯ ಹಿಂಭಾಗ ಮತ್ತು ಎದೆ ಬಿಗಿಯಾಗುತ್ತವೆ; ಕುತ್ತಿಗೆಯ ಮುಂಭಾಗ ಮತ್ತು ಹೆಗಲೆಲುಬುಗಳ ನಡುವಿನ ಸ್ನಾಯುಗಳು ಸೊರಗುತ್ತವೆ. ಸೊಂಟದ ಹಿಂಬದಿ ಮತ್ತು ತೊಡೆಸಂದಿಯ ಮುಂಭಾಗ ಬಿಗಿಯಾಗುತ್ತವೆ. ಹೊಟ್ಟೆ ಮತ್ತು ಕುಂಡಿಯ ಸ್ನಾಯುಗಳು ಸೊರಗುತ್ತವೆ. ಗೆರೆ ಎಳೆದು ನೋಡಿದರೆ ಇದು ಗುಣಾಕಾರದ ಗುರುತಿನಂತೆ ಕಾಣುತ್ತದೆ. ಮುಂದಕ್ಕೆ ಬಾಗಿದ ಹೆಗಲು, ಮುಂದಕ್ಕೆ ಚಾಚಿದ ಕುತ್ತಿಗೆ, ಒಳಕ್ಕೆ ಬಾಗಿದ ಸೊಂಟ, ಮುಂದೆ ಬಂದ ಹೊಟ್ಟೆ ಇರುವವರು ಪ್ರತಿ ಮನೆಯಲ್ಲೂ ಸಿಗುತ್ತಾರೆ.

ಒಂದು ಮಾತು ಇಲ್ಲೇ ಹೇಳಬೇಕು. ಎಡಬಲ ತೂಕ ಹಾಕಿದಂತೆ ಸಮನಾಗಿರುವ ಮನುಷ್ಯ ಯಾರೂ ಇಲ್ಲ. ಬಲಗೈ ಬಳಸುವವರಿಗೆ ಬಲಗೈ ಗಟ್ಟಿ ಇರುವುದು ಸಹಜ. ಸಣ್ಣ ವ್ಯತ್ಯಾಸ ರೋಗವಲ್ಲ, ಎಲ್ಲ ಬೆನ್ನುನೋವಿಗೂ ಅಸಮತೋಲನವೇ ಕಾರಣವೂ ಅಲ್ಲ. ನಿದ್ದೆಗೆಡುವುದು, ಚಿಂತೆ, ಬೊಜ್ಜು, ಬೀಡಿ ಸಿಗರೇಟು ಇವೆಲ್ಲ ನೋವನ್ನು ಹೆಚ್ಚಿಸುತ್ತವೆ. ಆದರೆ ಕೆಲಸ ಮುಗಿದ ಮೇಲೂ ಮೈ ನೆಟ್ಟಗಾಗುವುದಿಲ್ಲ, ಒಂದೇ ಬದಿಯಲ್ಲಿ ಮತ್ತೆ ಮತ್ತೆ ಹಿಡಿದುಕೊಳ್ಳುತ್ತದೆ ಎಂದಾದರೆ ಅದನ್ನು ಗಮನಿಸಬೇಕು.

ಕೋರ್ ಎಂದರೆ ಹೊಟ್ಟೆಯ ಗೆರೆಗಳಲ್ಲ

ಸಿನಿಮಾ ನಟರ ಹೊಟ್ಟೆಯ ಮೇಲೆ ಕಾಣುವ ಆರು ಕಟ್ಟುಗಳನ್ನು ನೋಡಿ ಹುಡುಗರು ಅದನ್ನೇ ಕೋರ್ ಎಂದುಕೊಳ್ಳುತ್ತಾರೆ. ಅದು ಮೇಲ್ಪದರದ ಒಂದು ಸ್ನಾಯು ಮಾತ್ರ. ನಿಜವಾದ ಕೋರ್ ಒಂದು ಡಬ್ಬದಂತೆ ಇದೆ. ಮೇಲಿನ ಮುಚ್ಚಳ ಉಸಿರಾಟದ ವಪೆ. ತಳದಲ್ಲಿ ಮೂತ್ರಕೋಶ, ಗರ್ಭಕೋಶಗಳನ್ನು ಹೊತ್ತಿರುವ ಕಟಿತಳದ ಸ್ನಾಯುಗಳು. ಮುಂದೆ ಮತ್ತು ಬದಿಗಳಲ್ಲಿ ಪಟ್ಟಿ ಸುತ್ತಿದಂತೆ ಹೊಟ್ಟೆಯ ಒಳಪದರದ ಸ್ನಾಯು. ಹಿಂದೆ ಬೆನ್ನುಮೂಳೆಯ ಮಣಿಗಳನ್ನು ಒಂದಕ್ಕೊಂದು ಹಿಡಿದಿಡುವ ಸಣ್ಣ ಸ್ನಾಯುಗಳು. ಈ ನಾಲ್ಕೂ ಒಟ್ಟಿಗೆ ಬಿಗಿದಾಗ ಬೆನ್ನುಮೂಳೆಗೆ ಸುತ್ತಲಿಂದ ಆಧಾರ ಸಿಗುತ್ತದೆ.

ದೊಡ್ಡ ಕೆಲಸಕ್ಕೆ ಇಳಿಯುವವರನ್ನು ನಮ್ಮ ಭಾಷೆಯಲ್ಲಿ 'ಟೊಂಕ ಕಟ್ಟಿ ನಿಂತರು' ಎನ್ನುತ್ತೇವೆ. ನಡು ಬಿಗಿಯದೆ ಭಾರ ಎತ್ತಲಾಗದು ಎಂಬುದು ಹಿರಿಯರಿಗೆ ಗೊತ್ತಿತ್ತು. ಹೊರಗಿನಿಂದ ಬಟ್ಟೆ ಕಟ್ಟುವ ಮೊದಲು ಒಳಗಿನಿಂದ ಕಟ್ಟುವ ಪಟ್ಟಿಯೇ ಈ ಕೋರ್.

ಆರೋಗ್ಯವಂತರಲ್ಲಿ ಈ ಪಟ್ಟಿ ತಾನಾಗಿ ಬಿಗಿಯುತ್ತದೆ. ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಒಂದು ಕುತೂಹಲದ ವಿಷಯವನ್ನು ಪ್ರಕಟಿಸಿದರು. ಕೈ ಎತ್ತಲು ಹೇಳಿದಾಗ, ಕೈ ಅಲುಗುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯುತ್ತದೆ. ಬೆನ್ನುನೋವು ಇದ್ದವರಲ್ಲಿ ಅದು ತಡವಾಗಿ ಬಿಗಿಯುತ್ತಿತ್ತು. ಅಂದರೆ ಕೊಂಬೆ ಎಳೆಯಲು ಕೈ ಚಾಚುವ ಕೆಲಸ ಕೈಯಿಂದಲ್ಲ, ನಡುವಿನಿಂದ ಶುರುವಾಗುತ್ತದೆ.

ಒಂದು ಸರಳ ಲೆಕ್ಕ

20 ಕೆಜಿ ತೂಕದ ಚೀಲವನ್ನು ಬೆನ್ನುಮೂಳೆಯಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದಿದ್ದೀರಿ ಎಂದುಕೊಳ್ಳಿ. ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯು ಮೂಳೆಯಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿದೆ. ತಕ್ಕಡಿಯ ಲೆಕ್ಕ ಹಾಕಿದರೆ ಆ ಸ್ನಾಯು 160 ಕೆಜಿಯಷ್ಟು ಬಲದಿಂದ ಎಳೆಯಬೇಕು. ಅದೇ ಚೀಲವನ್ನು ಮೈಗೆ ಒತ್ತಿ 20 ಸೆಂಟಿಮೀಟರ್‌ಗೆ ತಂದರೆ 80 ಕೆಜಿ ಸಾಕು. ಚೀಲ ಅದೇ, ಬೆನ್ನಿನ ಹೊರೆ ಅರ್ಧ. ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ ಎಂದು ವೈದ್ಯರು ಹೇಳುವುದು ಇದಕ್ಕೇ.

ತೂಕಕ್ಕೂ ಮಿತಿ ಇದೆ. ಒಬ್ಬ ವಯಸ್ಕ ಗಂಡಸು ಹೊರುವ ಹೊರೆ 55 ಕೆಜಿ ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1991ರಲ್ಲಿ ಹಾಕಿದ ಲೆಕ್ಕದಂತೆ, ಎಲ್ಲ ಅನುಕೂಲ ಇದ್ದರೂ ಕೈಯಿಂದ ಎತ್ತುವ ಭಾರ 23 ಕೆಜಿ ದಾಟದಿರುವುದು ಒಳ್ಳೆಯದು. ನಮ್ಮಲ್ಲಿ ಕಾಫಿಯ ವ್ಯವಹಾರವೇ 50 ಕೆಜಿ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಅದನ್ನು ಒಬ್ಬರೇ ಎತ್ತುವುದು ಗಂಡಸುತನವಲ್ಲ. ಇಬ್ಬರು ಹಿಡಿಯಿರಿ, ಇಲ್ಲವೇ ಎರಡು ಚೀಲ ಮಾಡಿ. ತೋಟದ ಮಾಲೀಕರು ಈ ಲೇಖನ ಓದುತ್ತಿದ್ದರೆ ಅವರಿಗೂ ಇದೇ ಮಾತು. ಕೈಗಾಡಿಯ ಬೆಲೆ, ಹಾಸಿಗೆ ಹಿಡಿದ ಒಬ್ಬ ಕೆಲಸಗಾರನ ಮನೆಯ ಕಷ್ಟಕ್ಕಿಂತ ಕಡಿಮೆ.

ಆಟದಲ್ಲೂ ಅದೇ ಪಾಠ

ಕೊಡಗು ಎಂದರೆ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡಲು ಎಲ್ಲ ಸಮುದಾಯದವರೂ ಹೋಗುತ್ತಾರೆ. ಹಾಕಿಯಲ್ಲಿ ಒಂದು ವಿಶೇಷವಿದೆ. ಎಡಗೈಯವರಿಗೆಂದು ಬೇರೆ ಕೋಲು ಇಲ್ಲ. ಆಟಗಾರ ಯಾರೇ ಆಗಲಿ, ಬಲಗೈ ಕೆಳಗಿಟ್ಟು, ಬೆನ್ನು ಬಗ್ಗಿಸಿ, ಒಂದೇ ಬದಿಗೆ ತಿರುಚಿ ಆಡಬೇಕು. ಹಾಗಾಗಿ ಒಳ್ಳೆಯ ತರಬೇತುದಾರರು ಆಟದಷ್ಟೇ ಗಮನವನ್ನು ನಡುವಿನ ಮತ್ತು ಇನ್ನೊಂದು ಬದಿಯ ವ್ಯಾಯಾಮಕ್ಕೂ ಕೊಡುತ್ತಾರೆ.

ಕ್ರಿಕೆಟಿನ ವೇಗದ ಬೌಲರ್‌ಗಳಿಗೆ ಬೆನ್ನಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬರುವುದುಂಟು. ಅದು ಹೆಚ್ಚಾಗಿ ಚೆಂಡು ಎಸೆಯುವ ಕೈಯ ಎದುರು ಬದಿಯಲ್ಲಿ ಬರುತ್ತದೆ. ಜಸ್‌ಪ್ರೀತ್ ಬೂಮ್ರಾ 2019ರಲ್ಲಿ ಇಂಥ ಬಿರುಕಿನಿಂದ ಆಟ ಬಿಟ್ಟು ಕೂತಿದ್ದರು. ಬೆನ್ನಿನ ತೊಂದರೆಯಿಂದಲೇ 2022ರ ಟಿ20 ವಿಶ್ವಕಪ್ ತಪ್ಪಿಸಿಕೊಂಡು, 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರಿಗೆ ಫಿಸಿಯೋಥೆರಪಿಸ್ಟ್‌ಗಳ ದಂಡೇ ಇದೆ. ಭಾನುವಾರ ಮೈದಾನಕ್ಕೆ ಇಳಿದು ಒಂದೇ ಸಮನೆ ಬೌಲಿಂಗ್ ಮಾಡುವ ನಿಮ್ಮ ಮಗನಿಗೆ ಯಾರಿದ್ದಾರೆ? ಬೆಳೆಯುವ ಹುಡುಗ ಬೆನ್ನುನೋವು ಎಂದರೆ 'ಆಡಿ ಸುಸ್ತಾಗಿದೆ' ಎಂದು ತಳ್ಳಿಹಾಕಬೇಡಿ.

ನಮಾಝ್ ಮಾಡುತ್ತೇವಲ್ಲ, ಸಾಲದೇ?

ಇದು ಹಲವರು ಕೇಳುವ ಪ್ರಶ್ನೆ. ದಿನದ ಫರ್ಝ್ ನಮಾಝ್‌ಗಳಲ್ಲೇ 17 ರಕಅತ್, ಅಂದರೆ 17 ರುಕೂ, 34 ಸುಜೂದ್ ಆಗುತ್ತವೆ. ಕೀಲುಗಳಿಗೆ ಚಲನೆ ಸಿಗುತ್ತದೆ, ಗಂಟೆಗಟ್ಟಲೆ ಕೂತವರು ಎದ್ದು ನಿಲ್ಲುತ್ತಾರೆ, ಇದೆಲ್ಲ ನಿಜ. ಆದರೆ ನಮಾಝ್ ಆರಾಧನೆ. ಅದನ್ನು ಮಾಡುವುದು ಸ್ನಾಯು ಬೆಳೆಸಲಿಕ್ಕಲ್ಲ. ಸ್ನಾಯು ಬಲಗೊಳ್ಳಬೇಕಾದರೆ ಅದರ ಮೇಲಿನ ಹೊರೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚುತ್ತಾ ಹೋಗಬೇಕು. ಅದಕ್ಕೆ ಬೇರೆಯಾಗಿ ಹತ್ತು ನಿಮಿಷ ಕೊಡಲೇಬೇಕು.

ಇನ್ನೊಂದು ರೀತಿಯಲ್ಲಿ ಇದು ನಮಾಝ್‌ಗೆ ನೇರವಾಗಿ ಸಂಬಂಧಿಸಿದೆ. ನಡು ಸೊರಗಿದ್ದು ಮೊದಲು ಗೊತ್ತಾಗುವುದು ಹಲವರಿಗೆ ಅಲ್ಲಿಯೇ. ರುಕೂವಿನಿಂದ ಏಳುವಾಗ ಸೊಂಟ ಹಿಡಿಯುತ್ತದೆ. ಸುಜೂದ್‌ನಿಂದ ಎದ್ದು ನಿಲ್ಲಲು ಕೈ ಊರಬೇಕಾಗುತ್ತದೆ. ಮಸೀದಿಗಳ ಹಿಂದಿನ ಸಾಲಿನಲ್ಲಿ ಕುರ್ಚಿಗಳು ಕಾಣುತ್ತವೆ. ನಿಜವಾಗಿ ಆಗದವರಿಗೆ ಕುರ್ಚಿ ರಿಯಾಯಿತಿಯೇ, ಅದರ ವಿಧಿಯನ್ನು ಉಸ್ತಾದರಲ್ಲಿ ಕೇಳಿ. ಆದರೆ ಐವತ್ತಕ್ಕೇ ಕುರ್ಚಿ ಹಿಡಿಯುವ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿರುವ ಕೆಲಸ. ದೇಹ ನಮಗೆ ಕೊಟ್ಟ ಅಮಾನತ್ ತಾನೇ?

ಹೆಂಗಸರು ಹೇಳಿಕೊಳ್ಳದ ಮಾತು

ಕೋರ್ ಡಬ್ಬದ ತಳ ಕಟಿತಳದ ಸ್ನಾಯು ಎಂದೆವಲ್ಲ, ಹೆರಿಗೆಯಲ್ಲಿ ಹೆಚ್ಚು ಹಿಗ್ಗುವುದು ಅದೇ. ಆಮೇಲೆ ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಒಂದೆರಡು ಹನಿ ಮೂತ್ರ ಸೋರುವ ತೊಂದರೆ ಎಷ್ಟೋ ತಾಯಂದಿರಿಗಿದೆ. ವುಝೂ ಮುರಿಯಿತೇ ಎಂಬ ಚಿಂತೆಯಲ್ಲಿ ಮತ್ತೆ ಮತ್ತೆ ಬಚ್ಚಲಿಗೆ ಹೋಗುತ್ತಾರೆ, ಮದುವೆ ಮನೆಗೆ ಹೋಗಲು ಹಿಂಜರಿಯುತ್ತಾರೆ, ಗಂಡನಿಗೂ ಹೇಳುವುದಿಲ್ಲ. 'ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ' ಎಂದು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ, ಇದು ಗುಣವಾಗುವ ತೊಂದರೆ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ ವ್ಯಾಯಾಮ ಇಂದಿಗೂ ಇದಕ್ಕೆ ಮೊದಲ ಚಿಕಿತ್ಸೆ. ಮೂತ್ರವನ್ನೂ ಗಾಳಿಯನ್ನೂ ತಡೆಹಿಡಿಯುವಾಗ ಒಳಗೆ ಬಿಗಿಯುತ್ತೇವಲ್ಲ, ಹಾಗೆ ಬಿಗಿದು ಐದಾರು ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಒಮ್ಮೆಗೆ ಎಂಟು ಬಾರಿ, ದಿನಕ್ಕೆ ಮೂರು ಹೊತ್ತು. ಉಸಿರು ಹಿಡಿಯಬಾರದು, ಹೊಟ್ಟೆ, ತೊಡೆ ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು. ಫಲ ಕಾಣಲು ಮೂರು ತಿಂಗಳು ಬೇಕು. ಅಷ್ಟರಲ್ಲಿ ಗುಣ ಕಾಣದಿದ್ದರೆ ಸ್ತ್ರೀರೋಗ ತಜ್ಞೆಯನ್ನು ಕಾಣಿ.

ಹೆರಿಗೆಯಾದ ಮನೆಗಳಲ್ಲಿ ಹೊಟ್ಟೆಗೆ ಬಟ್ಟೆ ಬಿಗಿಯುವ ಪದ್ಧತಿಯಿದೆ. ಸಡಿಲವಾಗಿ ಕಟ್ಟಿದರೆ ಆಸರೆ ಅನಿಸಬಹುದು, ಆದರೆ ಸ್ನಾಯುವಿಗೆ ಬಲ ಬರುವುದು ಬಟ್ಟೆಯಿಂದಲ್ಲ. ಬಿಗಿ ಹೆಚ್ಚಾದರೆ ಕೆಳಗಿನ ಸ್ನಾಯುಗಳ ಮೇಲೆ ಒತ್ತಡವೇ ಹೆಚ್ಚುತ್ತದೆ. ಸಾಮಾನ್ಯ ಹೆರಿಗೆಯಾದವರು ನಿಧಾನ ಉಸಿರಾಟ ಮತ್ತು ಮೇಲಿನ ವ್ಯಾಯಾಮದಿಂದ ಶುರು ಮಾಡಬಹುದು. ಸಿಸೇರಿಯನ್ ಆದವರು ವೈದ್ಯರು ಹೇಳಿದ ಮೇಲೆಯೇ ಶುರು ಮಾಡಲಿ.

ಮುಸಲ್ಲಾ ಹಾಸುವಷ್ಟು ಜಾಗ ಸಾಕು

ಜಿಮ್ ಬೇಡ, ದುಡ್ಡು ಬೇಡ, ವಿಶೇಷ ಉಡುಪೂ ಬೇಡ. ಬಾಗಿಲು ಹಾಕಿಕೊಂಡು ಮನೆಯೊಳಗೇ ಮಾಡಬಹುದು. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಬೆನ್ನಿಗೆ ಕಡಿಮೆ ಹೊರೆ ಬೀಳುವ ಮೂರು ವ್ಯಾಯಾಮಗಳನ್ನು ಆರಿಸಿದ್ದಾರೆ. ಕೆಳಗಿನ ಮೊದಲ ಮೂರು ಅವೇ.

1. ಕೈಕಾಲು ಚಾಚುವುದು: ಮಗು ಅಂಬೆಗಾಲಿಡುವಂತೆ ಕೈ, ಮಂಡಿ ಊರಿ. ಬೆನ್ನು ಮೇಜಿನಂತೆ ಸಮನಾಗಿರಲಿ. ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ. ಎಂಟು ಸೆಕೆಂಡ್ ಹಿಡಿದು ಇಳಿಸಿ. ನಂತರ ಎಡಗೈ, ಬಲಗಾಲು. ಬೆನ್ನ ಮೇಲೆ ನೀರಿನ ಲೋಟ ಇಟ್ಟರೂ ಚೆಲ್ಲಬಾರದು ಎಂಬಂತೆ ಮಾಡಿ.

2. ಬದಿಯ ಹಲಗೆ: ಒಂದು ಬದಿಗೆ ಮಲಗಿ ಮಂಡಿ ಮಡಚಿ. ಮೊಣಕೈ ಊರಿ, ಸೊಂಟವನ್ನು ನೆಲದಿಂದ ಎತ್ತಿ. ಎಂಟು ಸೆಕೆಂಡ್ ಹಿಡಿಯಿರಿ. ಎರಡೂ ಬದಿಗೆ ಮಾಡಿ. ಒಂದು ಬದಿಗೆ ಸುಲಭ, ಇನ್ನೊಂದಕ್ಕೆ ಕಷ್ಟ ಎನಿಸಿದರೆ ನಿಮ್ಮ ಅಸಮತೋಲನ ಎಲ್ಲಿದೆ ಎಂದು ಗೊತ್ತಾಯಿತು. ಆ ಬದಿಗೆ ಒಂದೆರಡು ಬಾರಿ ಹೆಚ್ಚು ಮಾಡಿ.

3. ತಲೆ ಎತ್ತುವುದು: ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದು ಚಾಚಿ. ಎರಡೂ ಅಂಗೈಗಳನ್ನು ಸೊಂಟದ ಕೆಳಗಿನ ಟೊಳ್ಳಿನಲ್ಲಿಡಿ. ತಲೆ, ಹೆಗಲನ್ನು ನೆಲದಿಂದ ಸ್ವಲ್ಪವೇ ಎತ್ತಿ ಹಿಡಿಯಿರಿ. ಪೂರ್ತಿ ಎದ್ದು ಕೂರುವ ಹಳೆಯ ರೀತಿ ಬೇಡ, ಅದರಲ್ಲಿ ಬೆನ್ನಿನ ಡಿಸ್ಕ್ ಮೇಲೆ ಒತ್ತಡ ಹೆಚ್ಚು.

4. ಸೇತುವೆ: ಅಂಗಾತ ಮಲಗಿ ಎರಡೂ ಮಂಡಿ ಮಡಚಿ, ಪಾದ ಊರಿ, ಕುಂಡಿಯ ಸ್ನಾಯು ಬಿಗಿದು ಸೊಂಟ ಮೇಲೆತ್ತಿ. ಕೂತು ಕೆಲಸ ಮಾಡುವವರಿಗೆ, ಚಾಲಕರಿಗೆ ಇದು ಬಹಳ ಮುಖ್ಯ.

5. ಬಿಗಿದದ್ದನ್ನು ಸಡಿಲಿಸುವುದು: ಒಂದು ಮಂಡಿ ನೆಲಕ್ಕೂರಿ ಇನ್ನೊಂದು ಪಾದ ಮುಂದಿಟ್ಟು, ಬೆನ್ನು ನೆಟ್ಟಗಿಟ್ಟು ಸೊಂಟವನ್ನು ಮುಂದಕ್ಕೆ ತಳ್ಳಿ. ತೊಡೆಸಂದಿಯಲ್ಲಿ ಎಳೆತ ತಿಳಿಯಬೇಕು. ಆಮೇಲೆ ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಊರಿ ಒಂದು ಹೆಜ್ಜೆ ಮುಂದೆ ಬನ್ನಿ, ಎದೆ ಹಿಗ್ಗುತ್ತದೆ. ಒಂದೊಂದನ್ನೂ ಅರ್ಧ ನಿಮಿಷ ಹಿಡಿಯಿರಿ.

ಮೊದಲ ವಾರ ಒಂದೊಂದನ್ನು ನಾಲ್ಕು ಬಾರಿ ಮಾಡಿ. ಆಮೇಲೆ ಆರು, ಎಂಟು ಎಂದು ಹೆಚ್ಚಿಸಿ. ಹಿಡಿಯುವ ಹೊತ್ತು ಹತ್ತು ಸೆಕೆಂಡ್ ದಾಟಬೇಕಿಲ್ಲ, ಸಂಖ್ಯೆ ಹೆಚ್ಚಿದರೆ ಸಾಕು. ಉಸಿರು ಕಟ್ಟಬೇಡಿ, ರಕ್ತದೊತ್ತಡ ಇರುವವರು ಇದನ್ನು ವಿಶೇಷವಾಗಿ ನೆನಪಿಡಿ. ನಿದ್ದೆಯಿಂದ ಎದ್ದ ಕೂಡಲೇ ಮಾಡಬೇಡಿ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಮೊದಲ ಒಂದು ಗಂಟೆ ಭಾರ ಎತ್ತುವುದು, ಹೆಚ್ಚು ಬಗ್ಗುವುದು ಒಳ್ಳೆಯದಲ್ಲ. ಅಸರ್ ಮತ್ತು ಮಗ್ರಿಬ್ ನಡುವಿನ ಹೊತ್ತು ಅನುಕೂಲ. ರಮಝಾನ್‌ನಲ್ಲಿ ಉಪವಾಸದ ಬಾಯಾರಿಕೆಯಲ್ಲಿ ಬೇಡ, ತರಾವೀಹ್ ಮುಗಿದ ಮೇಲೆ ಹಗುರವಾಗಿ ಮಾಡಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಗೊಳಿಸುವ ವ್ಯಾಯಾಮ ಮಾಡಬೇಕು. ಜೊತೆಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು. 65 ದಾಟಿದವರು ಮೂರು ದಿನ ಸಮತೋಲನದ ಅಭ್ಯಾಸವನ್ನೂ ಮಾಡಬೇಕು. ಮನೆಯ ಹಿರಿಯರನ್ನು ಗೋಡೆಯ ಪಕ್ಕ ನಿಲ್ಲಿಸಿ, ಒಂದೊಂದೇ ಕಾಲಿನಲ್ಲಿ ಹತ್ತು ಸೆಕೆಂಡ್ ನಿಲ್ಲಿಸಿ. ಬಚ್ಚಲಲ್ಲಿ ಜಾರಿ ಬೀಳುವುದನ್ನು ತಪ್ಪಿಸಲು ಇದೂ ನೆರವಾಗುತ್ತದೆ.

ಈ ವ್ಯಾಯಾಮವೇ ಆಗಬೇಕೆಂದಿಲ್ಲ. ಬೇರೆ ಬೇರೆ ವ್ಯಾಯಾಮಗಳನ್ನು ಹೋಲಿಸಿ ನೋಡಿದ ಸಂಶೋಧನೆಗಳಲ್ಲಿ ದೀರ್ಘಕಾಲದ ಫಲದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಬಿಡದೆ ಮಾಡುವುದೇ ಮುಖ್ಯ. ಬೆನ್ನುನೋವಿನಿಂದ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ನಡಿಗೆಯ ಗುಣವನ್ನೇ ತೋರಿಸಿತು. ಕ್ರಮವಾಗಿ ನಡೆದವರಿಗೆ ನೋವು ಮರುಕಳಿಸಲು ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿಯಿತು, ನಡೆಯದವರಿಗೆ 112 ದಿನ.

ಕೆಲಸದ ನಡುವೆ

ಕೂಲಿ ಬಿಡಲಾಗದು, ಕೆಲಸದ ರೀತಿಯನ್ನು ಸ್ವಲ್ಪ ಬದಲಿಸಬಹುದು. ಕೊಂಬೆ ಹಿಡಿಯುವ ಕೈಯನ್ನು ಆಗಾಗ ಬದಲಿಸಿ. ಚೀಲ ಪೂರ್ತಿ ತುಂಬುವ ಮೊದಲೇ ಸುರಿದು ಬನ್ನಿ. ಯಂತ್ರದ ಪಟ್ಟಿಯನ್ನು ಎರಡೂ ಹೆಗಲಿಗೆ ಬರುವಂತೆ ಹಾಕಿ. ಬಗ್ಗುವಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸದೆ ತೊಡೆಸಂದಿಯಲ್ಲಿ ಮಡಚಿ, ಕುಂಡಿ ಹಿಂದಕ್ಕೆ ಹೋಗಲಿ. ಭಾರ ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಪಾದವನ್ನೇ ತಿರುಗಿಸಿ. ಮಗುವನ್ನು ಎರಡೂ ಸೊಂಟಕ್ಕೆ ಬದಲಿಸಿ ಎತ್ತಿ. ಮಕ್ಕಳ ಶಾಲಾ ಚೀಲ ಅವರ ತೂಕದ ಹತ್ತನೇ ಒಂದು ಭಾಗ ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಒಮ್ಮೆ ತೂಗಿ ನೋಡಿ, ಒಂದೇ ಹೆಗಲಿಗೆ ನೇತು ಹಾಕಿಕೊಳ್ಳಲು ಬಿಡಬೇಡಿ.

ಬೆಲ್ಟ್, ಇಂಜೆಕ್ಷನ್, ಹಾಸಿಗೆ

ಜಗತ್ತಿನಲ್ಲಿ 2020ರಲ್ಲಿ ಸೊಂಟನೋವಿನಿಂದ ಬಳಲುತ್ತಿದ್ದವರು ಸುಮಾರು 61.9 ಕೋಟಿ ಜನ. ಇಷ್ಟು ದೊಡ್ಡ ಸಂಖ್ಯೆ ಇರುವಲ್ಲಿ ವ್ಯಾಪಾರವೂ ದೊಡ್ಡದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮವನ್ನು ಶಿಫಾರಸು ಮಾಡಿದೆ, ಬೆಲ್ಟ್ ಮತ್ತು ಎಳೆತದ ಚಿಕಿತ್ಸೆ ಬೇಡ ಎಂದಿದೆ. ಬೆಲ್ಟ್ ಕಟ್ಟಿಕೊಂಡು ಒಳಗಿನ ಪಟ್ಟಿ ಸೊರಗಲು ಬಿಟ್ಟರೆ ಪ್ರಯೋಜನವಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ದಿನವೂ ನುಂಗುವುದು, ಸಿಕ್ಕಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡು ಮರುದಿನ ಅದೇ ಚೀಲ ಹೊರುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಇನ್ನೂ ಹೆಚ್ಚು. ಹಾಗೆಂದು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗುವುದೂ ಸರಿಯಲ್ಲ. ಒಂದೆರಡು ದಿನದ ವಿಶ್ರಾಂತಿಯ ನಂತರ ಆದಷ್ಟು ಓಡಾಡಬೇಕು.

ಕೆಲವು ಲಕ್ಷಣಗಳಿಗೆ ಮಾತ್ರ ವ್ಯಾಯಾಮ ಉತ್ತರವಲ್ಲ. ಮೂತ್ರ, ಮಲದ ಹಿಡಿತ ತಪ್ಪುವುದು, ತೊಡೆಗಳ ನಡುವೆ ಸ್ಪರ್ಶ ತಿಳಿಯದಿರುವುದು, ಕಾಲಿನ ಶಕ್ತಿ ಕುಂದುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರದಿಂದ ಅಥವಾ ಏಣಿಯಿಂದ ಬಿದ್ದ ಮೇಲೆ ನೋವು ಶುರುವಾದರೆ, ನೋವಿನ ಜೊತೆ ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ರಾತ್ರಿ ಮಲಗಿದರೂ ನೋವು ಬಿಡದಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ. ವ್ಯಾಯಾಮ ಮಾಡುವಾಗ ನೋವು ಕಾಲಿಗೆ ಇಳಿದರೆ ನಿಲ್ಲಿಸಿ, ಫಿಸಿಯೋಥೆರಪಿಸ್ಟ್ ಬಳಿ ಸರಿಯಾದ ಕ್ರಮ ಕಲಿಯಿರಿ.

ದಿನಗೂಲಿಯ ಮನೆಯಲ್ಲಿ ದುಡಿಯುವವರ ಬೆನ್ನೇ ಮನೆಯ ಬಂಡವಾಳ. ಅದು ಒಂದು ತಿಂಗಳು ಕೈಕೊಟ್ಟರೆ ಅಂಗಡಿಯ ಸಾಲ, ಮಕ್ಕಳ ಫೀಸು, ಮನೆ ಬಾಡಿಗೆ ಎಲ್ಲವೂ ನಿಲ್ಲುತ್ತವೆ. ಕತ್ತಿಯನ್ನು ಮಸೆಯಲು ಹತ್ತು ನಿಮಿಷ ಕೊಡುವವರು, ಕತ್ತಿ ಹಿಡಿಯುವ ಮೈಗೂ ಅಷ್ಟು ಹೊತ್ತು ಕೊಡಬಾರದೇ? ಇಂದು ಸಂಜೆ ಒಂದೇ ಒಂದು ವ್ಯಾಯಾಮದಿಂದ ಶುರು ಮಾಡಿ. ಒಬ್ಬರೇ ಬೇಡ, ಉಮ್ಮನನ್ನೂ ಮಕ್ಕಳನ್ನೂ ಜೊತೆಗೆ ಕರೆಯಿರಿ. ಮೂರು ತಿಂಗಳು ಬಿಡದೆ ಮಾಡಿ, ರುಕೂವಿನಿಂದ ಏಳುವಾಗ ವ್ಯತ್ಯಾಸ ನಿಮಗೇ ತಿಳಿಯಬಹುದು.